ದುಂಡಗಿನ ಅಮ್ಮೀಟರ್

ಕಲ್ಲೇಶ ಮಾಸ್ತರರು ಕೇಳಿದ್ದು ಅಮ್ಮೀಟರ್. ಪ್ರಯೋಗಾಲಯದ ಕಪಾಟಿನಿಂದ ಮೆಹಜಬೀನ ತಂದುಕೊಟ್ಟದ್ದು ದಿಕ್ಸೂಚಿ.

ಚೇಷ್ಟೆ ಇರಬೇಕೆಂದು ಅವರು ನಕ್ಕರು. ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ ಅವಳೇ ಮುಂದು. ವಿದ್ಯುತ್ ಪಾಠದ ಒಂದು ಲೆಕ್ಕವನ್ನೂ ತಪ್ಪು ಮಾಡಿದವಳಲ್ಲ. "ಅಮ್ಮೀಟರ್ ತಾ ಅಂದ್ರ ಇದನ್ಯಾಕ ತಂದಿ?" ಮೆಹಜಬೀನ ಮತ್ತೆ ಕಪಾಟಿನತ್ತ ತಿರುಗಿದಳು. ಅಮ್ಮೀಟರ್ ಅವಳ ಕಣ್ಣೆದುರೇ ಇತ್ತು: ಕರಿ ಡಬ್ಬಿ, ಗಾಜಿನ ಹಿಂದೊಂದು ಮುಳ್ಳು. ಅವಳ ನೋಟ ಅದನ್ನು ದಾಟಿ ಹೋಯಿತು. "ದುಂಡಗಿದ್ದದ್ದು ಇದೊಂದ ಐತ್ರಿ ಸರ್," ಎಂದಳು.

ಮಾಸ್ತರರು ನಗು ನಿಲ್ಲಿಸಿ ಗೋಡೆಯತ್ತ ತಿರುಗಿದರು. ಯಲಬುರ್ಗಾದ ವಸ್ತುಪ್ರದರ್ಶನದಲ್ಲಿ ಬಹುಮಾನ ಪಡೆದ ಅವಳ ವಿದ್ಯುತ್ ಮಂಡಲದ ಚಾರ್ಟು ಅಲ್ಲಿತ್ತು. ಅದರಲ್ಲಿ ಅಮ್ಮೀಟರ್ ಎಂದರೆ ಒಂದು ಅಂದವಾದ ವೃತ್ತ, ನಡುವೆ ಒಂದು ಅಕ್ಷರ, ಅಷ್ಟೇ. ಪ್ರಯೋಗವಿದ್ದ ದಿನವೆಲ್ಲ ಮೇಜಿನ ಸುತ್ತ ಹುಡುಗರು, ಗೋಡೆ ಬದಿಯ ಬೆಂಚಿನಲ್ಲಿ ಹುಡುಗಿಯರು. ಅಲ್ಲಿಂದ ಕಾಣುತ್ತಿದ್ದದ್ದು ಹುಡುಗರ ಬೆನ್ನು ಮಾತ್ರ. "ಚಿತ್ರ ನೀವು ತಗೀರಿ, ನಿಮ್ಮ ಕೈ ಭಾಳ ಛಲೋ ಐತಿ," ಎಂದು ಹುಡುಗಿಯರಿಗೆ ಪ್ರತಿ ಸಲವೂ ಹೇಳಿದವರು ಮಾಸ್ತರರೇ. ಅದು ಹೊಗಳಿಕೆ ಎಂದೇ ಅವರು ತಿಳಿದಿದ್ದರು.

ಬೆಂಚಿನಲ್ಲಿದ್ದ ಉಳಿದ ಹುಡುಗಿಯರತ್ತ ನೋಡಿದರು. "ನಿಮಗರ ಗೊತ್ತೈತೇನವಾ, ಅಮ್ಮೀಟರ್ ಯಾವ್ದು?" ಒಬ್ಬಳೂ ಕೈ ಎತ್ತಲಿಲ್ಲ. ಮಾಸ್ತರರೇ ಕರಿ ಡಬ್ಬಿಯನ್ನು ತೆಗೆದು ಮೆಹಜಬೀನಳ ಅಂಗೈ ಮೇಲೆ ಇಟ್ಟರು. ಅವಳ ಕೈ ತುಸು ಕೆಳಗಿಳಿಯಿತು.

"ಇದಕ್ಕ ಭಾರನೂ ಇರ್ತೈತೇನ್ರಿ ಸರ್?"