ಗೋಡೆ ಕಡೆ ಮುಖ

ಅತ್ತೆ ತರಗತಿಯ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಮುಕ್ವಾಯ ಮೇಷ್ಟ್ರು ಗಿರಕ್ಕನೆ ಕಪ್ಪುಹಲಗೆಯ ಕಡೆ ತಿರುಗಿಬಿಟ್ಟರು. ಉಗಾಂಡದ ಬಗಂಡ ಜನರಲ್ಲಿ ಅತ್ತೆಗೆ ಅಳಿಯ ಮುಖ ಕೊಟ್ಟು ನಿಲ್ಲುವಂತಿಲ್ಲ, ನೇರವಾಗಿ ಮಾತಾಡುವಂತೆಯೂ ಇಲ್ಲ. ಇಗರ್ಜಿಯ ಹಜಾರದಲ್ಲಿ ಸಂತೆಯ ಹೆಂಗಸರಿಗೆ ಇಂಗ್ಲಿಷ್ ಕಲಿಸಲು ಒಪ್ಪಿಕೊಂಡಾಗ ಈ ಪೇಚಾಟ ಅವರ ಕನಸಿನಲ್ಲೂ ಇರಲಿಲ್ಲ.

“ಬಬಿರ್ಯೆ, ಅವರು ಯಾಕೆ ಬಂದ್ರು ಕೇಳು,” ಎಂದರು ಹಲಗೆಗೆ.

“ಕೇಳೋದೇನು ಸಾರ್? ಶುಕ್ರವಾರ ನಮ್ಮ ಅಂಗಡಿ ಎತ್ತಿಸೋಕೆ ಸಾಹೇಬ್ರು ಬರ್ತಾರೆ. ಆ ಮನುಷ್ಯನಿಗೆ ನಮ್ಮ ಲುಗಾಂಡ ಭಾಷೆ ಒಂದಕ್ಷರ ಬರಲ್ಲ. ನಮ್ಮೆಲ್ಲರ ಪರವಾಗಿ ನಸ್ಸಾಲಿ ಅಮ್ಮನೇ ಮಾತಾಡ್ಬೇಕು,” ಎಂದಳು ಮೀನು ಮಾರುವ ಬಬಿರ್ಯೆ.

ಸಂತೆಯ ಬಾಳೆಕಾಯಿ ಅಂಗಡಿಯಿಂದಲೇ ಅತ್ತೆ ನಸ್ಸಾಲಿ ಮಗಳನ್ನು ಓದಿಸಿದ್ದು. ಆ ಮಗಳು ಈಗ ಮೇಷ್ಟ್ರ ಹೆಂಡತಿ. ಎದ್ದು ಹೋಗಿ ಎನ್ನಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಬೆನ್ನು ಹಾಕಿಕೊಂಡೇ ಪಾಠ ಶುರುಮಾಡಿದರು.

“‘ಮೇ ಐ’ ಅಂದ್ರೆ ಅಪ್ಪಣೆ ಕೇಳೋದು. ‘ಕುಡ್ ಯು’ ಅಂದ್ರೆ ದಯವಿಟ್ಟು ಮಾಡ್ತೀರಾ ಅನ್ನೋ ಹಾಗೆ. ‘ಯು ಮಸ್ಟ್’ ಅಂದ್ರೆ ಮಾಡ್ಲೇಬೇಕು, ಬೇರೆ ಮಾತಿಲ್ಲ. ಸಾಹೇಬರ ಹತ್ರ ಯಾವುದನ್ನ ಯಾವಾಗ ಅನ್ನಬೇಕು ಅನ್ನೋದರಲ್ಲೇ ಇರೋದು ಎಲ್ಲ.”

ಸೀಮೆಸುಣ್ಣದ ಪುಡಿ ಮೂಗಿಗೆ ಹೋಗಿ ಎರಡು ಸಲ ಸೀನಿದರು. ಹೆಂಗಸರು ಕಿಸಕ್ಕನೆ ನಕ್ಕರು.

“ಬಾಯಿ ಕಾಣದೆ ಮಾತು ಹೆಂಗೆ ಕಲಿಯೋದು ಸಾರ್? ನಿಮ್ಮ ಅಂಗಿಯ ತೇಪೆ ನೋಡಿ ನೋಡಿ ಸಾಕಾಯ್ತು!” ಎಂದಳು ಬಬಿರ್ಯೆ.

ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆದ ಸದ್ದಾಯಿತು. ಅತ್ತೆ ಎದ್ದು ಹೊರಟರು ಅಂದುಕೊಂಡರು ಮೇಷ್ಟ್ರು. ಅವರಿಗೆ ಪಿಚ್ಚೆನಿಸಿತು. ಒಂದು ಪಾಠ ಹೇಳಿಕೊಡಲಾಗದ ಅಳಿಯ ಇದ್ದೇನು ಪ್ರಯೋಜನ? ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದು?

“ಈಗ ತಿರುಗಿ ಸಾರ್, ಪರವಾಗಿಲ್ಲ,” ಎಂದಳು ಬಬಿರ್ಯೆ.

ಅಳುಕುತ್ತಲೇ ತಿರುಗಿದರು. ನಸ್ಸಾಲಿ ಹೋಗಿರಲಿಲ್ಲ. ಕುರ್ಚಿಯನ್ನು ಹಿಂದುಮುಂದಾಗಿಸಿ, ಇಡೀ ತರಗತಿಗೆ ಬೆನ್ನು ಕೊಟ್ಟು, ಸುಣ್ಣ ಉದುರಿದ ಹಿಂದಿನ ಗೋಡೆಯನ್ನೇ ನೋಡುತ್ತ ನೆಟ್ಟಗೆ ಕುಳಿತಿದ್ದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಸರಿ. ಸಾಹೇಬರು ಬಂದು ನಿಂತ್ರು ಅಂತಿಟ್ಕೊಳ್ಳಿ. ಮೊದಲು ಏನಂತೀರಿ?”

ಗೋಡೆಯ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು.

“ಮೇ ಐ ಸ್ಪೀಕ್?” ಎಂದು ನಸ್ಸಾಲಿ ಗೋಡೆಯನ್ನು ಕೇಳಿದರು.

ಉತ್ತರವನ್ನು ತನ್ನ ಮೂಲಕವೇ ಹೇಳಿಸುತ್ತಾರೆಂದು ಬಬಿರ್ಯೆ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಅವಳತ್ತ ನೋಡಲೇ ಇಲ್ಲ.

“ಯು ಮಸ್ಟ್,” ಎಂದರು, ಮೇಲೆತ್ತಿದ ಆ ಕೈಗೆ.