ಖಾಲಿ ಜಾಗ

"ಇಲ್ಲಿಗೆ ಕಟ್ ಮಾಡಪ್ಪಾ," ಎಂದು ಬಿಲ್ಡರ್ ನಾಗೇಶ್ ಚಿತ್ರದ ಆಕಾಶದ ನಡುವೆ ಬೆರಳಿಟ್ಟ. "ಮೇಲೆಲ್ಲ ಖಾಲಿ ಬಿದ್ದದೆ, ವೇಸ್ಟು. ಚಿಕ್ಕ ಫ್ರೇಮ್ ಸಾಕು."

ಆರ್.ಟಿ. ನಗರದ ಫ್ರೇಮಿನಂಗಡಿಯವನು ಬ್ಲೇಡ್ ಎತ್ತಿಕೊಂಡ. ಡಚ್ಚರ ಹಳೆಯ ಚಿತ್ರವೊಂದರ ಪ್ರಿಂಟು ಅದು: ಕೆಳಗೆ ತುಸುವೇ ನೀರು, ಅಲ್ಲಾಡದ ಒಂದು ದೋಣಿ, ದಂಡೆಯಲ್ಲಿ ಎರಡು ಹಸು, ಉಳಿದದ್ದೆಲ್ಲ ಮೋಡ. ನಾಗೇಶನ ಹೆಂಡತಿ ನಾಗಲಕ್ಷ್ಮಿ ಅದನ್ನು ಅಡುಗೆಮನೆಗೆಂದು ಆರಿಸಿದ್ದಳು. ಆ ಅಡುಗೆಮನೆಯ ಕಿಟಕಿಗೆ ಅಡ್ಡವಾಗಿ ಹೋದ ವರ್ಷ ನಾಗೇಶನೇ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಿದ್ದ, ಸೆಟ್‌ಬ್ಯಾಕ್ ಎಂದು ಕಾನೂನಿನಂತೆ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ ಒಂದು ಗೇಣನ್ನೂ ಬಿಡದೆ.

ನಾಗಲಕ್ಷ್ಮಿ ಮೋಡಗಳ ಮೇಲೆ ಅಂಗೈ ಊರಿದಳು. ಬ್ಲೇಡ್ ನಿಂತಿತು.

"ಇದ್ರಲ್ಲಾದ್ರೂ ಒಸಿ ಸೆಟ್‌ಬ್ಯಾಕ್ ಬಿಡ್ರೀ," ಎಂದಳು.

ಆಕಾಶದ ಮೇಲಿದ್ದ ನಾಗೇಶನ ಬೆರಳು ಮೆಲ್ಲಗೆ ಹಿಂದೆ ಸರಿಯಿತು.