ಅಲ್ಲಾಹನ ಹೆಸರಲ್ಲಿ ಹೇಳಿದ್ದು

ಕಲ್ಲು ತಗುಲಿದ ನಾಯಿಮರಿ ಕುಂಯ್ಗುಡುತ್ತ ರಿಕ್ಷಾದ ಅಡಿಗೆ ನುಸುಳಿದಾಗಲೇ ಝುಬೈದಾ ತಿರುಗಿ ನೋಡಿದ್ದು. ಕಲ್ಲೆಸೆದವಳು ಅವಳದೇ ಮಗಳು, ಆರು ವರ್ಷದ ಶಿಫಾನಾ. ಮುಷ್ಟಿಯಲ್ಲಿ ಇನ್ನೊಂದು ಕಲ್ಲಿತ್ತು.

"ಯಾಕೆ ಹೊಡೆದದ್ದು? ಇದನ್ನು ಮನೆಯಲ್ಲಿ ಸಾಕುವಾ ಅಂತ ನಿನ್ನೆ ಅತ್ತದ್ದು ನೀನೇ ಅಲ್ವಾ?"

"ಅಲ್ಲಾಹನಿಗೆ ನಾಯಿ ಕಂಡರೆ ಆಗುದಿಲ್ಲ ಅಂತ ನೀನೇ ಹೇಳಿದ್ದಲ್ವಾ ಉಮ್ಮ? ಗಂದಾ ಹೈ ಯೇ, ಗಲೀಜು." ಹೇಳುವಾಗ ಹುಡುಗಿಯ ಕಣ್ಣು ರಿಕ್ಷಾದ ಅಡಿಗೇ ಇತ್ತು.

ನಿನ್ನೆ ಕಲ್ಯಾಣ್ ಪಟ್ಟಣದ ತಮ್ಮ ಒಂದೇ ಕೋಣೆಯ ಮನೆಯಲ್ಲಿ ಮೀನು ಸಾರು ಕುದಿಯುತ್ತಿತ್ತು, ಮಗಳ ಹಟ ನಿಲ್ಲುತ್ತಿರಲಿಲ್ಲ. ನಾಯಿಯ ಜೊಲ್ಲು ತಾಗಿದರೆ ತೊಳೆದುಕೊಂಡೇ ನಮಾಜಿಗೆ ನಿಲ್ಲಬೇಕು, ಅದಕ್ಕೇ ಮನೆಯೊಳಗೆ ಬೇಡ ಎಂದು ಕೂರಿಸಿಕೊಂಡು ವಿವರಿಸುವ ತಾಳ್ಮೆ ಝುಬೈದಾಳಿಗಿರಲಿಲ್ಲ. ಬಾಯಿ ಮುಚ್ಚಿಸಲು ಅಲ್ಲಾಹನ ಹೆಸರು ಹೇಳಿಬಿಟ್ಟಿದ್ದಳು. ಬಾಯಾರಿದ ನಾಯಿಗಾಗಿ ಬಾವಿಗಿಳಿದು ಚರ್ಮದ ಬೂಟಿನಲ್ಲಿ ನೀರು ತಂದವನ ಪಾಪವನ್ನು ಅದೇ ಅಲ್ಲಾಹನು ಕ್ಷಮಿಸಿದ ಕತೆಯನ್ನು ಮದ್ರಸದಲ್ಲಿ ಕೇಳಿ ಬೆಳೆದವಳು ಅವಳು.

ಮಗಳೆದುರು ಕುಕ್ಕುರುಗಾಲಲ್ಲಿ ಕೂತು ಅವಳ ಮುಷ್ಟಿ ಬಿಡಿಸಿದಳು. "ಅಲ್ಲಾಹನು ಹಾಗೆ ಹೇಳಲೇ ಇಲ್ಲ ಮಗಾ. ಮನೆಯೊಳಗೆ ನಾವು ಸಾಕುದಿಲ್ಲ, ಅಷ್ಟೇ. ಹೊರಗೆ ಅದಕ್ಕೆ ನೀರು ಕೊಟ್ಟರೆ ಅವನಿಗೆ ಖುಷಿ. ನಿನ್ನೆ ನಾನು ಹೇಳಿದ್ದು ಸುಳ್ಳು."

ಶಿಫಾನಾ ರಿಕ್ಷಾದ ಅಡಿಗೆ ಬಗ್ಗಿ ಕೈ ಚಾಚಿದಳು. ಮರಿ ಇನ್ನಷ್ಟು ಹಿಂದಕ್ಕೆ ಸರಿಯಿತು.

"ಅದಕ್ಕೂ ಹೇಳು ಉಮ್ಮ," ಎಂದಳು ಹುಡುಗಿ ಅಳುತ್ತ, "ಸುಳ್ಳು ಹೇಳಿದ್ದು ನೀನು ಅಂತ."